ಕಾವಲು ಮತ್ತು ಬೇಹು

ಒಬ್ಬ ಮನುಷ್ಯನು ಈ ಹೊತ್ತಿನಲ್ಲಿ ಎಲ್ಲಿದ್ದಾನೆಂಬುದು ಒಂದು ಸಂಗತಿ. ಅದನ್ನು ತಿಳಿಯುವ ಅಧಿಕಾರವು ಯಾರಿಗುಂಟು, ತಿಳಿಸುವ ಅಧಿಕಾರವು ಯಾರದು ಎಂಬುದು ಆ ಸಂಗತಿಯ ಹಿಂದಿರುವ ಪ್ರಶ್ನೆ. ಹಿಂದಿನವರು ಈ ಪ್ರಶ್ನೆಯನ್ನು ಇಷ್ಟು ಬಿಡಿಸಿ ಕೇಳಿದವರಲ್ಲ. ಆದರೆ ಅದಕ್ಕೆ ಉತ್ತರವು ಅವರ ನಡವಳಿಕೆಯಲ್ಲಿಯೇ ಅಡಗಿತ್ತು. ಹೊಸ್ತಿಲು ದಾಟುತ್ತಿರುವವರನ್ನು “ಎಲ್ಲಿಗೆ?” ಎಂದು ಕೇಳುವುದು ಅಪಶಕುನವೆಂದು ಕನ್ನಡನಾಡಿನ ಮನೆಗಳಲ್ಲಿ ಹಿರಿಯರು ಹೇಳುವುದುಂಟು. ಕೇಳಲೇಬೇಕಾದರೆ “ದೂರ ಹೊರಟಿರೋ?” ಎಂದು ಕೇಳುವರು. ಹೊರಟವರು ಮನಸ್ಸಿದ್ದರೆ ಊರಿನ ಹೆಸರು ಹೇಳುವರು; ಇಲ್ಲವಾದರೆ “ಇಲ್ಲೇ, ಹೋಗಿಬರುತ್ತೇನೆ” ಎಂದು ನಡೆಯುವರು. ಅಷ್ಟರಿಂದ ಯಾರಿಗೂ ಅಸಮಾಧಾನವಿಲ್ಲ. ಶಕುನದ ನಂಬಿಕೆಯನ್ನು ಬದಿಗಿಟ್ಟರೂ ಈ ಮರ್ಯಾದೆಯೊಳಗೆ ಒಂದು ತತ್ತ್ವವು ಉಳಿಯುತ್ತದೆ. ಹೋಗುವವನ ದಾರಿಯು ಹೋಗುವವನದು. ಅದರ ಸುದ್ದಿಯನ್ನು ಅವನ ಬಾಯಿಂದ ಪಡೆಯಬೇಕೇ ಹೊರತು ಅವನ ಬೆನ್ನಿನಿಂದ ಕದಿಯಬಾರದು.

ಈಚಿನ ವರ್ಷಗಳಲ್ಲಿ ಆ ಸುದ್ದಿಯನ್ನು ಕದಿಯುವ ಸಾಧನಗಳು ಅಂಗಡಿಯಲ್ಲಿ ಸುಲಭವಾಗಿ ದೊರೆಯುತ್ತಿವೆ. ಕಳ್ಳತನಕ್ಕಾಗಿ ಅವು ಹುಟ್ಟಲಿಲ್ಲ. ಬೀಗದ ಕೈಗೊಂಚಲು, ಪ್ರಯಾಣದ ಪೆಟ್ಟಿಗೆ, ಹಣದ ಚೀಲ ಮೊದಲಾದುವು ಕಳೆದುಹೋದರೆ ಹುಡುಕಿಕೊಡಲೆಂದು ಅವನ್ನು ಮಾಡಿದರು. ಟೈಲ್ ಎಂಬ ಸಂಸ್ಥೆಯು ಇದೇ ಉದ್ದೇಶದಿಂದ 2012ರಲ್ಲಿ ಅಮೆರಿಕದಲ್ಲಿ ಆರಂಭವಾಯಿತು. 2021ನೆಯ ಇಸವಿ ಏಪ್ರಿಲ್ 30ರಂದು ಆಪಲ್ ಸಂಸ್ಥೆಯು ಏರ್‌ಟ್ಯಾಗ್ ಎಂಬ ಬಿಲ್ಲೆಯನ್ನು ಮಾರಾಟಕ್ಕೆ ಬಿಟ್ಟಿತು. ಆ ಬಿಲ್ಲೆಯ ಅಡ್ಡಳತೆ 31.9 ಮಿಲಿಮೀಟರು, ದಪ್ಪ 8 ಮಿಲಿಮೀಟರು, ತೂಕ 11 ಗ್ರಾಮು. ಬೆಲೆ 29 ಡಾಲರು. ಗುಂಡಿಯಂಥ ಒಂದು ಬ್ಯಾಟರಿಯಿಂದ ಅದು ವರ್ಷಕ್ಕೂ ಮೀರಿ ಬದುಕುತ್ತದೆ. ಕೋಟಿನ ಮಡಿಕೆಯಲ್ಲಿ, ಚೀಲದ ಅಸ್ತರಿನಲ್ಲಿ, ಮೋಟಾರು ಗಾಡಿಯ ಚಕ್ರದ ಮೇಲಣ ಪೊಳ್ಳಿನಲ್ಲಿ, ಮಗುವಿನ ಬೊಂಬೆಯ ಹೊಟ್ಟೆಯಲ್ಲಿ ಅದನ್ನು ಅಡಗಿಸಬಹುದು. ವಸ್ತುವಿಗೆ ಕಟ್ಟಬೇಕಾದುದನ್ನು ಮನುಷ್ಯನಿಗೆ ಕಟ್ಟಿದರೆ ಅದು ಕಾವಲು ಹೋಗಿ ಬೇಹಾಗುತ್ತದೆ.

ಅದು ಕೆಲಸ ಮಾಡುವ ರೀತಿಯನ್ನು ತಿಳಿದರೆ ವಿಷಯದ ಗಾಂಭೀರ್ಯವು ಮನದಟ್ಟಾಗುವುದು. ತಾನು ಎಲ್ಲಿದ್ದೇನೆಂಬುದನ್ನು ಆ ಬಿಲ್ಲೆಯು ಅರಿಯದು. ಅದು ಬ್ಲೂಟೂತ್ ಎಂಬ ಅಲ್ಪದೂರದ ರೇಡಿಯೋ ಅಲೆಗಳ ಮೂಲಕ ಕ್ಷಣಕ್ಷಣಕ್ಕೂ ಒಂದು ಗುರುತನ್ನು ಕೂಗುತ್ತಿರುತ್ತದೆ, ಅಷ್ಟೆ. ಸಮೀಪದಲ್ಲಿ ಹಾದುಹೋಗುವ ಯಾರದೋ ಜೇಬಿನಲ್ಲಿರುವ ಅದೇ ಸಂಸ್ಥೆಯ ಫೋನು ಆ ಕೂಗನ್ನು ಕೇಳಿಸಿಕೊಂಡು, ತಾನಿರುವ ಸ್ಥಳವನ್ನು ಅದಕ್ಕೆ ಸೇರಿಸಿ, ಗೂಢಲಿಪಿಯಲ್ಲಿ ಮುಚ್ಚಿ ಕಳುಹಿಸುತ್ತದೆ. ಬಿಲ್ಲೆಯ ಒಡೆಯನು ತನ್ನ ಮನೆಯಲ್ಲಿ ಕುಳಿತು ನಕಾಶೆಯ ಮೇಲೆ ಅದನ್ನು ನೋಡುತ್ತಾನೆ. ಸುದ್ದಿಯನ್ನು ಒಯ್ದ ದಾರಿಹೋಕನಿಗೆ ತಾನು ಒಯ್ದೆನೆಂಬುದು ತಿಳಿಯದು. ನಡುವೆ ನಿಂತ ಸಂಸ್ಥೆಯೂ ತಾನು ಅದನ್ನು ಓದಲಾರೆನೆಂದು ಹೇಳುತ್ತದೆ. ಯಾವನ ಇರವು ಬಯಲಾಯಿತೋ ಅವನಿಗೂ ತಿಳಿಯದು. ಎಲ್ಲರೂ ಕುರುಡರಾಗಿರುವ ಈ ಸಾಲಿನಲ್ಲಿ ಕಣ್ಣುಳ್ಳವನು ಒಬ್ಬನೇ.

ಬೇಹುಗಾರಿಕೆಯು ಈ ಕಾಲದ ಸೃಷ್ಟಿಯಲ್ಲವೆಂಬುದು ನಿಜ. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳಿಗೆ ದೊರೆತು, 1909ರಲ್ಲಿ ಅವರು ಅಚ್ಚು ಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಗೂಢಪುರುಷರಿಗಾಗಿಯೇ ಅಧ್ಯಾಯಗಳುಂಟು. ಶಿಷ್ಯನ ವೇಷದವನು, ಗೃಹಸ್ಥನ ವೇಷದವನು, ವ್ಯಾಪಾರಿಯ ವೇಷದವನು, ತಪಸ್ವಿಯ ವೇಷದವನು, ಭಿಕ್ಷುಕಿ ಎಂದು ಅವರ ವರ್ಗಗಳನ್ನು ಅಲ್ಲಿ ಎಣಿಸಿದೆ. ಆದರೆ ಕೌಟಿಲ್ಯನ ಚಾರನಿಗೆ ವೇಷ ಬೇಕು, ಸಂಬಳ ಬೇಕು, ಧೈರ್ಯ ಬೇಕು. ಅವನ ಮಾತನ್ನು ಒಮ್ಮೆಗೇ ನಂಬುವಂತೆಯೂ ಇಲ್ಲ, ಮೂವರ ವರದಿಗಳು ಒಂದಾದರೆ ಮಾತ್ರ ನಂಬಿಕೆ. ಅಷ್ಟು ವೆಚ್ಚವನ್ನು ಹೊರಬಲ್ಲವನು ಅರಸನೊಬ್ಬನೇ. ಆದಕಾರಣ ಬೇಹಿಗೆ ಗುರಿಯಾಗುವವರೂ ಸಾಮಾನ್ಯವಾಗಿ ಮಂತ್ರಿ, ಸೇನಾಪತಿ, ಶತ್ರುರಾಜ ಮೊದಲಾದವರೇ ಆಗಿದ್ದರು. ಈಗ ಆ ವೆಚ್ಚವು ಒಂದು ಹೊತ್ತಿನ ಸಂತೆಯ ಖರ್ಚಿನ ಮಟ್ಟಕ್ಕೆ ಇಳಿದಿದೆ. ಅರಸನ ಕೈಯಲ್ಲಿದ್ದ ಆಯುಧವು ಮುನಿದ ಗಂಡನ ಕೈಗೂ, ತಿರಸ್ಕೃತನಾದ ಪ್ರಣಯಿಯ ಕೈಗೂ, ವಾಹನಚೋರನ ಕೈಗೂ ಬಂದಿದೆ. ಬೀದಿಯಲ್ಲಿ ನಡೆಯುವ ನಿರಪರಾಧಿಗಳೆಲ್ಲರೂ ಸಂಬಳವಿಲ್ಲದ ಚಾರರಾಗಿದ್ದಾರೆ.

ಕೇಡು ಕಾಣಿಸಿಕೊಳ್ಳಲು ಬಹುಕಾಲ ಹಿಡಿಯಲಿಲ್ಲ. ಕೆನಡಾ ದೇಶದ ಯಾರ್ಕ್ ಪ್ರಾಂತದ ಪೊಲೀಸರು, ಬೆಲೆಬಾಳುವ ಕಾರುಗಳ ಮೇಲೆ ಕಳ್ಳರು ಸಾರ್ವಜನಿಕ ಸ್ಥಳಗಳಲ್ಲಿ ಇಂಥ ಬಿಲ್ಲೆಯನ್ನು ಅಡಗಿಸಿ, ಕಾರು ಮನೆ ಸೇರಿದ ಮೇಲೆ ಅಲ್ಲಿಂದ ಕದ್ದೊಯ್ಯುತ್ತಿದ್ದಾರೆಂದು 2021ರ ಡಿಸೆಂಬರಿನಲ್ಲಿ ಎಚ್ಚರಿಕೆ ಕೊಟ್ಟರು. ಅದಕ್ಕಿಂತಲೂ ಘೋರವಾದ ದೂರುಗಳು ಸ್ತ್ರೀಯರಿಂದ ಬಂದುವು. 2022ರ ಫೆಬ್ರುವರಿಯಲ್ಲಿ ಆಪಲ್ ಸಂಸ್ಥೆಯು ತನ್ನ ಬಿಲ್ಲೆಯು ದುರುಪಯೋಗವಾಗುತ್ತಿರುವುದನ್ನು ಒಪ್ಪಿಕೊಂಡು, ಒಪ್ಪಿಗೆಯಿಲ್ಲದೆ ಜನರನ್ನು ಹಿಂಬಾಲಿಸುವುದು ಅನೇಕ ದೇಶಗಳಲ್ಲಿ ಅಪರಾಧವೆಂಬ ಸೂಚನೆಯನ್ನು ಬಿಲ್ಲೆ ಕೊಂಡವರಿಗೆ ಮೊದಲಲ್ಲಿಯೇ ತೋರಿಸುವುದಾಗಿ ತಿಳಿಸಿತು. ಅದೇ ವರ್ಷದ ಡಿಸೆಂಬರಿನಲ್ಲಿ ಇಬ್ಬರು ಸ್ತ್ರೀಯರು ಆ ಸಂಸ್ಥೆಯ ಮೇಲೆ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ದಾವೆ ಹೂಡಿದರು. ದೌರ್ಜನ್ಯವನ್ನು ತಾಳಲಾರದೆ ಮನೆ ಬಿಟ್ಟು ಬಂದು ಬೇರೊಂದು ಊರಿನಲ್ಲಿ ತಲೆಮರೆಸಿಕೊಂಡಿರುವ ಹೆಂಗಸಿಗೆ ಕೋಟೆಯಿಲ್ಲ, ಕಾವಲುಗಾರನಿಲ್ಲ. ತಾನೆಲ್ಲಿದ್ದೇನೆಂಬುದು ಅವನಿಗೆ ತಿಳಿಯದೆಂಬುದೇ ಅವಳ ಗೋಡೆ. ಆ ಗೋಡೆಯನ್ನು ಒಡೆಯಲು ಈಗ ಹನ್ನೊಂದು ಗ್ರಾಮು ತೂಕವು ಸಾಕಾಗಿದೆ.

ಇದಕ್ಕೆ ಪರಿಹಾರವನ್ನು ಮೊದಲು ಯಂತ್ರದಲ್ಲಿಯೇ ಹುಡುಕಿದರು. ಒಡೆಯನಿಂದ ದೂರವಾದ ಬಿಲ್ಲೆಯು ಕೆಲಕಾಲದ ಮೇಲೆ ತಾನಾಗಿ ಸದ್ದು ಮಾಡುವಂತೆ ಏರ್ಪಡಿಸಲಾಗಿತ್ತು. ಮೊದಲು ಆ ಅವಧಿಯು ಮೂರು ದಿನ; ಅದು ಅತಿಯಾಯಿತೆಂದು ಆಕ್ಷೇಪ ಬರಲು, 2021ರ ಜೂನಿನಲ್ಲಿ 8ರಿಂದ 24 ಗಂಟೆಗಳಿಗೆ ಇಳಿಸಿದರು. 2024ರ ಮೇ ತಿಂಗಳಲ್ಲಿ ಆಪಲ್ ಮತ್ತು ಗೂಗಲ್ ಸಂಸ್ಥೆಗಳು ಕೂಡಿ, ಅಪರಿಚಿತವಾದ ಬಿಲ್ಲೆಯೊಂದು ಒಬ್ಬರ ಸಂಗಡ ಚಲಿಸುತ್ತಿದ್ದರೆ ಅವರ ಫೋನು ಯಾವ ಸಂಸ್ಥೆಯ ವ್ಯವಸ್ಥೆಯದಾಗಿದ್ದರೂ ಎಚ್ಚರಿಸುವ ಏರ್ಪಾಟನ್ನು ಜಾರಿಗೆ ತಂದುವು. ಇವೆಲ್ಲವೂ ಉಪಕಾರಕವಾದುವೇ. ಆದರೆ ಇವುಗಳಲ್ಲಿ ಒಂದು ಧರ್ಮಸಂಕಟವು ಉಳಿದೇ ಇದೆ. ಕದ್ದ ಚೀಲದಲ್ಲಿರುವ ಬಿಲ್ಲೆಯು ಸದ್ದು ಮಾಡಿದರೆ ಕಳ್ಳನು ಅದನ್ನು ಕಿತ್ತೆಸೆಯುವನು. ಮಾಡದಿದ್ದರೆ ನಿರಪರಾಧಿಯು ಎಚ್ಚರಗೊಳ್ಳಲಾರನು. ತನ್ನನ್ನು ಹೊತ್ತವನು ಕಳ್ಳನೋ, ಕಳ್ಳನಿಂದ ಹಿಂಬಾಲಿಸಲ್ಪಟ್ಟವನೋ ಎಂಬ ವಿವೇಕವು ಬಿಲ್ಲೆಗೆ ಇರುವುದು ಸಾಧ್ಯವಿಲ್ಲ. 2023ರ ಫೆಬ್ರುವರಿಯಲ್ಲಿ ಟೈಲ್ ಸಂಸ್ಥೆಯು ಕಳ್ಳನಿಗೆ ಕಾಣದಂತೆ ಬಿಲ್ಲೆಯನ್ನು ಮರೆಮಾಡುವ ಅನುಕೂಲವನ್ನು ಕಲ್ಪಿಸಿತು. ಅದನ್ನು ಬಯಸುವವನು ಸರ್ಕಾರದ ಗುರುತಿನ ಚೀಟಿಯನ್ನು ಒಪ್ಪಿಸಬೇಕು. ಬಿಲ್ಲೆಯಿಂದ ಯಾರನ್ನಾದರೂ ಹಿಂಬಾಲಿಸಿದ ಅಪರಾಧವು ಸ್ಥಿರಪಟ್ಟರೆ ಹತ್ತು ಲಕ್ಷ ಡಾಲರು ದಂಡಕ್ಕೂ ಒಪ್ಪಬೇಕು. ಎಂದರೆ ಯಂತ್ರವು ಬಿಡಿಸಲಾರದ ಗಂಟನ್ನು ಕೊನೆಗೆ ಮನುಷ್ಯನ ಹೊಣೆಗಾರಿಕೆಗೇ ಒಪ್ಪಿಸಿದಂತಾಯಿತು.

ಇನ್ನೂ ಒಂದು ಕೊರತೆಯುಂಟು. ಬಿಲ್ಲೆಯು ಒಡೆಯನಿಂದ ಬಹಳ ಹೊತ್ತು ಅಗಲಿದ್ದರೆ ತಾನೇ ಸದ್ದು ಮಾಡುವುದು? ಈ ಏರ್ಪಾಟಿನ ಹಿಂದೆ ಹಿಂಬಾಲಕನು ಪರಕೀಯನೆಂಬ ಊಹೆಯಿದೆ. ಆದರೆ ಹೆಂಡತಿಯ ಕೈಚೀಲದಲ್ಲಿ ಗಂಡನು ಇಟ್ಟ ಬಿಲ್ಲೆಯು ಪ್ರತಿ ಸಂಜೆಯೂ ಅವನಿರುವ ಮನೆಗೇ ಮರಳುತ್ತದೆ. ಅಗಲಿಕೆಯೆಂಬುದೇ ಇಲ್ಲದ ಮೇಲೆ ಸದ್ದಿಗೆ ಅವಕಾಶವೆಲ್ಲಿ? ಅನೇಕ ವೇಳೆ ಬಿಲ್ಲೆಯೇ ಬೇಕಾಗದು. ಮನೆಯವರ ಫೋನಿನ ಗುಪ್ತಸಂಖ್ಯೆಯು ಮನೆಯಲ್ಲಿ ಎಲ್ಲರಿಗೂ ಗೊತ್ತು. ಒಂದು ನಿಮಿಷ ಅದು ಕೈಗೆ ಸಿಕ್ಕಿದರೆ, ಅದರ ಇರವು ಸದಾ ತನಗೆ ಬರುವಂತೆ ಮಾಡಿಟ್ಟು ಹಿಂದಿರುಗಿಸಬಹುದು. ಹೊರಗಿನವನನ್ನು ತಡೆಯಲು ಕಟ್ಟಿದ ಬೇಲಿಯು ಒಳಗಿನವನನ್ನು ತಡೆಯಲಾರದು. ಆದುದರಿಂದ ಈ ಪ್ರಶ್ನೆಯನ್ನು ಶಿಲ್ಪಿಗಳಿಗೂ ಪೊಲೀಸರಿಗೂ ಬಿಟ್ಟು ಗೃಹಸ್ಥರು ನಿಶ್ಚಿಂತರಾಗುವಂತಿಲ್ಲ.

ಇಲ್ಲಿ ಒಂದು ಪೂರ್ವಪಕ್ಷವು ಏಳುತ್ತದೆ. ತಪ್ಪು ಮಾಡದವನಿಗೆ ಅಂಜಿಕೆ ಏತಕ್ಕೆ? ಒಳ್ಳೆಯ ದಾರಿಯಲ್ಲಿ ನಡೆಯುವವನನ್ನು ಯಾರು ನೋಡಿದರೇನು? ಕೇಳಲು ಇದು ನ್ಯಾಯವಾಗಿ ತೋರುವುದು. ಆದರೆ ಬಚ್ಚಲುಮನೆಗೆ ಬಾಗಿಲಿರುವುದು ಒಳಗೆ ಅಪರಾಧವು ನಡೆಯುತ್ತಿದೆಯೆಂದಲ್ಲ. ಒಬ್ಬನ ಒಂದು ದಿನದ ದಾರಿಯಿಂದ ಹೆಚ್ಚೇನೂ ತಿಳಿಯದಿರಬಹುದು. ಒಂದು ತಿಂಗಳ ದಾರಿಯನ್ನು ಕೂಡಿಸಿ ನೋಡಿದರೆ ಅವನು ಯಾವ ವೈದ್ಯನಲ್ಲಿಗೆ ಹೋದನು, ಯಾವ ವಕೀಲನನ್ನು ಕಂಡನು, ಯಾವ ಗುಡಿಗೆ ನಡೆದುಕೊಳ್ಳುತ್ತಾನೆ, ಯಾರ ಮನೆಯಲ್ಲಿ ದುಃಖ ಹೇಳಿಕೊಳ್ಳುತ್ತಾನೆ, ಮನೆಯಲ್ಲಿ ಯಾರೂ ಇಲ್ಲದ ಹೊತ್ತು ಯಾವುದು ಎಂಬುದೆಲ್ಲವೂ ಬಯಲಾಗುತ್ತದೆ. ಇವುಗಳಲ್ಲಿ ಒಂದೂ ತಪ್ಪಲ್ಲ. ಆದರೂ ಇವನ್ನು ವೈರಿಯ ಕೈಗೆ ಕೊಡಲು ಯಾವ ನಿರಪರಾಧಿಯೂ ಒಪ್ಪನು.

ಭಾರತದ ಸರ್ವೋಚ್ಚ ನ್ಯಾಯಾಲಯವು ಈ ಪ್ರಶ್ನೆಯನ್ನು ಬಹಳ ಹಿಂದೆಯೇ ಎದುರಿಸಿತು. ಉತ್ತರಪ್ರದೇಶದ ಖರಕ್ ಸಿಂಗ್ ಎಂಬವನ ಮೇಲೆ 1941ರಲ್ಲಿ ದರೋಡೆಯ ಆರೋಪ ಬಂದು, ಸಾಕ್ಷ್ಯವಿಲ್ಲದೆ ಅವನು ಬಿಡುಗಡೆ ಹೊಂದಿದ್ದನು. ಆದರೂ ಪೊಲೀಸರು ಅವನ ಹೆಸರಿನಲ್ಲಿ ಕಡತ ತೆರೆದು, ರಾತ್ರಿ ವೇಳೆ ಅವನ ಬಾಗಿಲು ತಟ್ಟುವುದನ್ನೂ ಅವನು ಹೋದಲ್ಲೆಲ್ಲ ಕಣ್ಣಿಡುವುದನ್ನೂ ನಡೆಸಿದರು. 1962ರ ಡಿಸೆಂಬರಿನಲ್ಲಿ ಹೊರಬಿದ್ದ ತೀರ್ಪಿನಲ್ಲಿ ಹೆಚ್ಚಿನ ನ್ಯಾಯಮೂರ್ತಿಗಳು ರಾತ್ರಿಯ ಮನೆಭೇಟಿಯನ್ನು ಮಾತ್ರ ತಳ್ಳಿಹಾಕಿದರು. ಹಿಂಬಾಲಿಸಿ ನೋಡುವುದರಿಂದ ಅವನ ನಡೆದಾಟಕ್ಕೆ ಅಡ್ಡಿಯಾಗದೆಂದು ಅವರ ಮತ. ನ್ಯಾಯಮೂರ್ತಿ ಸುಬ್ಬರಾವ್ ಅವರು ಇದನ್ನು ಒಪ್ಪಲಿಲ್ಲ. ಕಾಲಿಗೆ ಸಂಕೋಲೆಯಿಲ್ಲವೆಂದ ಮಾತ್ರಕ್ಕೆ ಚಲನೆಯು ಸ್ವತಂತ್ರವಾಗದು; ಸದಾ ನೋಡಲ್ಪಡುತ್ತಿರುವವನಿಗೆ ದೇಶವೆಲ್ಲವೂ ಸೆರೆಮನೆಯಂತಾಗುವುದೆಂಬುದು ಅವರ ಭಿನ್ನಮತದ ಸಾರ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಆಧಾರ್ ಯೋಜನೆಯನ್ನು ಪ್ರಶ್ನಿಸಿ 2012ರಲ್ಲಿ ಹೂಡಿದ ಮೊಕದ್ದಮೆಯಲ್ಲಿ, ಒಂಬತ್ತು ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು ಖಾಸಗಿತನವು ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿತು. ಖರಕ್ ಸಿಂಗನ ಮೊಕದ್ದಮೆಯಲ್ಲಿ ಅಂಥ ಹಕ್ಕಿಲ್ಲವೆಂದಿದ್ದ ಮಾತನ್ನು ಅದು ರದ್ದುಪಡಿಸಿತು. ಭಿನ್ನಮತವಾಗಿದ್ದ ಭಾವನೆಯು ದೇಶದ ಧರ್ಮವಾಗಲು ಐವತ್ತೈದು ವರ್ಷಗಳ ಅಂತರವು ಬೇಕಾಯಿತು.

ಅಮೆರಿಕದಲ್ಲಿಯೂ ಇಂಥದೇ ಒಂದು ಪ್ರಯಾಣವನ್ನು ಕಾಣಬಹುದು. 1983ರಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು, ಪೀಪಾಯಿಯೊಂದರಲ್ಲಿ ರೇಡಿಯೋ ಯಂತ್ರವನ್ನಿಟ್ಟು ಪೊಲೀಸರು ಒಂದು ಗಾಡಿಯನ್ನು ಹಿಂಬಾಲಿಸಿದುದರಲ್ಲಿ ದೋಷವಿಲ್ಲವೆಂದಿತು. ರಾಜಬೀದಿಯಲ್ಲಿ ಹೋಗುವುದನ್ನು ಯಾರಾದರೂ ನೋಡಬಹುದೆಂಬುದು ಕಾರಣ. 2012ರಲ್ಲಿ ಜೋನ್ಸ್ ಎಂಬವನ ಮೊಕದ್ದಮೆಯು ಬಂದಿತು. ಪೊಲೀಸರು ನ್ಯಾಯಾಧೀಶನ ಅಪ್ಪಣೆಯ ಅವಧಿ ಮೀರಿದ ಮೇಲೆ ಅವನು ಉಪಯೋಗಿಸುತ್ತಿದ್ದ ಜೀಪಿಗೆ ಜಿಪಿಎಸ್ ಯಂತ್ರವನ್ನು ಅಂಟಿಸಿ, 28 ದಿನಗಳಲ್ಲಿ ಎರಡು ಸಾವಿರ ಪುಟಗಳಿಗೂ ಮೀರಿದ ವಿವರವನ್ನು ಕೂಡಿಸಿದ್ದರು. ಈ ಸಲ ಒಂಬತ್ತು ನ್ಯಾಯಮೂರ್ತಿಗಳೂ ಇದು ಶೋಧನೆಯೇ ಸರಿಯೆಂದರು. ಅವರು ಕೊಟ್ಟ ಕಾರಣಗಳು ಮಾತ್ರ ಬೇರೆಬೇರೆ. ದಾರಿಯಲ್ಲಿ ಎದುರಾದವನು ಒಮ್ಮೆ ನೋಡಿ ಮರೆಯುವನು. ಯಂತ್ರವು ಎಲ್ಲವನ್ನೂ ನೋಡುವುದು, ಏನನ್ನೂ ಮರೆಯದು. ಜನರ ಮರೆವೂ ಒಂದು ಆಶ್ರಯವಾಗಿತ್ತೆಂಬುದು ಅದು ತಪ್ಪಿಹೋದ ಮೇಲೆ ತಿಳಿಯುವಂಥದು.

ಮಹಾಭಾರತವನ್ನು ಓದಿದವರಿಗೆ ಇದು ಹೊಸ ಮಾತಲ್ಲ. ಪಾಂಡವರಿಗೆ ವಿಧಿಸಿದ ಹದಿಮೂರು ವರ್ಷಗಳಲ್ಲಿ ಹನ್ನೆರಡು ವನವಾಸ, ಒಂದು ಅಜ್ಞಾತವಾಸ. ಅಡವಿಯಲ್ಲಿ ಅವರು ಹನ್ನೆರಡು ವರ್ಷಗಳನ್ನು ಋಷಿಗಳ ಸಂಗದಲ್ಲಿ ತಲೆಯೆತ್ತಿಯೇ ಕಳೆದರು. ಕಷ್ಟಕ್ಕೆ ಕಷ್ಟವಾದುದು ವಿರಾಟನ ಅರಮನೆಯ ಆ ಒಂದು ವರ್ಷ. ಅನ್ನವಸ್ತ್ರಗಳಿಗೆ ಅಲ್ಲಿ ಕೊರತೆಯಿರಲಿಲ್ಲ. ದುರ್ಯೋಧನನ ಚಾರರ ಕಣ್ಣಿಗೆ ಬಿದ್ದರೆ ಮತ್ತೆ ಹನ್ನೆರಡು ವರ್ಷ ಎಂಬ ಭಯವೊಂದೇ ಇದ್ದಿತು. ಆ ಭಯವೇ ಭೀಮನನ್ನು ಅಡಿಗೆಮನೆಯಲ್ಲಿಯೂ ಅರ್ಜುನನನ್ನು ನಾಟ್ಯಶಾಲೆಯಲ್ಲಿಯೂ ಕಟ್ಟಿಹಾಕಿತು. ಕೀಚಕನಿಂದ ಅವಮಾನಿತಳಾದ ದ್ರೌಪದಿಯು ಗಂಡಂದಿರ ಎದುರಿನಲ್ಲಿ ಬಾಯಿಬಿಟ್ಟು ಅವರ ಹೆಸರನ್ನು ಕರೆಯಲಾರದೆ ಹೋದಳು. ತನ್ನ ಮೇಲೆ ಕಣ್ಣಿದೆಯೆಂದು ತಿಳಿದವನು, ಇರಬಹುದೆಂದು ಶಂಕಿಸುವವನು ಕೂಡ, ತಾನು ತಾನಾಗಿ ಇರಲಾರನು. ತನ್ನ ಚೀಲದಲ್ಲಿ ಪರರ ಬಿಲ್ಲೆಯೊಂದನ್ನು ಕಂಡವಳಿಗೆ ಆ ದಿನದಿಂದ ಎಲ್ಲ ಚೀಲಗಳೂ ಎಲ್ಲ ಉಡುಗೊರೆಗಳೂ ಶಂಕಾಸ್ಪದವಾಗುತ್ತವೆ. ಹೊಡೆತವು ಬೀಳದಿದ್ದರೂ ಅಪಕಾರವು ನಡೆದೇ ಹೋಗಿರುತ್ತದೆ.

ಪರಕೀಯನ ಬೇಹು ಕೆಟ್ಟದೆಂಬುದನ್ನು ಎಲ್ಲರೂ ಒಪ್ಪುವರು. ಪ್ರೀತಿಯ ಹೆಸರಿನಲ್ಲಿ ನಡೆಯುವ ಬೇಹಿನ ವಿಚಾರವು ಅಷ್ಟು ಸುಲಭವಲ್ಲ. ದೂರದ ಪಟ್ಟಣದಲ್ಲಿ ಓದುವ ಮಗಳು ಕತ್ತಲಾದ ಮೇಲೆ ಬಸ್ಸಿನಲ್ಲಿ ಬರುತ್ತಾಳೆ. ತಂದೆಯ ಎದೆ ಹೊಡೆದುಕೊಳ್ಳುತ್ತದೆ. ಅವಳ ಇರವು ನಕಾಶೆಯ ಮೇಲೆ ಕಾಣುತ್ತಿದ್ದರೆ ಅವನು ನಿದ್ರೆ ಮಾಡುವನು. ಇದರಲ್ಲಿ ದುರ್ಬುದ್ಧಿಯಿಲ್ಲ. ಆದರೆ ಇದೇ ಕಾರ್ಯವು ಎರಡು ರೀತಿಯಲ್ಲಿ ನಡೆಯಬಹುದು. ರಾವಣನು ಎತ್ತಿಕೊಂಡು ಹೋಗುತ್ತಿರುವಾಗ ಸೀತೆಯು ಬೆಟ್ಟದ ಮೇಲೆ ಐವರು ಕಪಿಗಳನ್ನು ಕಂಡು ತನ್ನ ಒಡವೆಗಳನ್ನು ಉತ್ತರೀಯದಲ್ಲಿ ಗಂಟುಕಟ್ಟಿ ಕೆಳಕ್ಕೆ ಹಾಕಿದಳು. ರಾಮನು ಅವಳನ್ನು ಹುಡುಕುವುದಕ್ಕೆ ಆ ಕುರುಹು ನೆರವಾಯಿತು. ಅದು ಅವಳು ತಾನಾಗಿ ಇಟ್ಟ ಕುರುಹು. ಯಾರಿಗೆ ತಿಳಿಯಬೇಕೋ ಅವರಿಗೆ ತಿಳಿಯಲೆಂದು, ತನಗೆ ಬೇಕಾದ ಗಳಿಗೆಯಲ್ಲಿ, ತನ್ನ ಕೈಯಿಂದ ಹಾಕಿದುದು. ಅವಳಿಗೆ ತಿಳಿಯದಂತೆ ಸೆರಗಿನಲ್ಲಿ ಮತ್ತೊಬ್ಬರು ಕಟ್ಟಿದ ಗಂಟಿಗೂ ಇದಕ್ಕೂ ವ್ಯತ್ಯಾಸವು ಅಜಗಜಾಂತರ. ರಾತ್ರಿಯ ಬಸ್ಸು ಹತ್ತಿದ ಮಗಳು ಮನೆ ಸೇರುವ ತನಕ ತನ್ನ ಇರವನ್ನು ತಂದೆಗೆ ತಾನೇ ಕಳುಹಿಸಿದರೆ ಅದು ಸೀತೆಯ ಒಡವೆಯ ಗಂಟು. ಅವಳು ಅರಿಯದಂತೆ ಅವಳ ಚೀಲದಲ್ಲಿ ಬಿಲ್ಲೆಯಿಟ್ಟರೆ ಅದು ಬೇಹು. ಇಟ್ಟವನು ತಂದೆಯೇ ಆದರೂ ಬೇಹು.

ಇವುಗಳನ್ನು ಬೇರ್ಪಡಿಸಲು ಮೂರು ಪ್ರಶ್ನೆಗಳು ಸಾಕು. ನೋಡಲ್ಪಡುವವರಿಗೆ ಅದು ತಿಳಿದಿದೆಯೆ? ಬೇಡವೆನ್ನುವ ಮತ್ತು ನಡುವೆಯೇ ನಿಲ್ಲಿಸುವ ಸಾಮರ್ಥ್ಯವು ಅವರ ಕೈಯಲ್ಲಿದೆಯೆ? ಅದಕ್ಕೆ ಒಂದು ಕೊನೆಯುಂಟೆ? 2024ರಲ್ಲಿ ಆಪಲ್ ಸಂಸ್ಥೆಯು ಕಳೆದ ಪೆಟ್ಟಿಗೆಯ ಇರವನ್ನು ಪ್ರಯಾಣಿಕನು ವಿಮಾನ ಕಂಪನಿಗೆ ತೋರಿಸುವ ಅನುಕೂಲವನ್ನು ಮಾಡಿತು. ತೋರಿಸುವವನು ಒಡೆಯನೇ, ಬೇಕೆಂದಾಗ ಅವನು ಅದನ್ನು ನಿಲ್ಲಿಸಬಹುದು, ಏಳು ದಿನಗಳಾದರೆ ಅದು ತಾನಾಗಿ ಮುಗಿಯುವುದು. ಒಂದು ಪೆಟ್ಟಿಗೆಯ ವಿಷಯದಲ್ಲಿ ಇಷ್ಟು ಮರ್ಯಾದೆಯನ್ನು ಪಾಲಿಸುವುದಾದರೆ ಬೆಳೆದ ಮಗಳ ವಿಷಯದಲ್ಲಿ ಪಾಲಿಸಲಾಗದೆ? ಎಳೆಯ ಮಕ್ಕಳೂ ಮರೆವಿನ ರೋಗಕ್ಕೆ ತುತ್ತಾದ ವೃದ್ಧರೂ ಸಮ್ಮತಿ ಕೊಡಲಾರರೆಂಬುದು ನಿಜ. ಅಂಥವರ ವಿಷಯದಲ್ಲಿ ಕಾವಲು ಹಿರಿಯರ ಕರ್ತವ್ಯವೇ. ಆದರೆ ಅಲ್ಲಿಯೂ ಅದು ಬಹಿರಂಗವಾಗಿರಲಿ. ಮಗುವಿನ ಕೊರಳಿಗೆ ಹಾಕಿದುದನ್ನು ಮಗುವಿಗೆ ಹೇಳಬಹುದು. ಬುದ್ಧಿ ಬಂದಷ್ಟೂ ಸಡಿಲಿಸಬಹುದು. ಬಿತ್ತಿದವನು ಸಸಿಗೆ ಕಟ್ಟಿದ ಊರೆಗೋಲನ್ನು ಮರಕ್ಕೆ ಬಿಗಿದಿಡುವುದಿಲ್ಲ.

ಹದಿನೆಂಟು ತುಂಬಿದವರನ್ನೂ, ಕೈಹಿಡಿದ ಹೆಂಡತಿಯನ್ನೂ, ಸಂಬಳದ ಆಳನ್ನೂ ಗುಟ್ಟಾಗಿ ಹಿಂಬಾಲಿಸುವುದಕ್ಕೆ ಸಮರ್ಥನೆಯನ್ನು ಹುಡುಕುವವರು 2024ರ ಜುಲೈ 8ರ ಒಂದು ತೀರ್ಪನ್ನು ನೆನೆಯಬೇಕು. ಮಾದಕವಸ್ತುವಿನ ಮೊಕದ್ದಮೆಯೊಂದರಲ್ಲಿ ಜಾಮೀನು ಪಡೆದ ವಿದೇಶೀಯನೊಬ್ಬನು ತಾನಿರುವ ಸ್ಥಳವು ತನಿಖೆಯ ಅಧಿಕಾರಿಗೆ ತಿಳಿಯುವಂತೆ ಗೂಗಲ್ ನಕಾಶೆಯಲ್ಲಿ ಗುರುತು ಹಾಕಬೇಕೆಂದು ದೆಹಲಿಯ ಉಚ್ಚ ನ್ಯಾಯಾಲಯವು ನಿಬಂಧನೆ ವಿಧಿಸಿತ್ತು. ಸರ್ವೋಚ್ಚ ನ್ಯಾಯಾಲಯವು ಅದನ್ನು ತೆಗೆದುಹಾಕಿತು. ಜಾಮೀನಿನ ಮೇಲಿರುವವನ ಪ್ರತಿಯೊಂದು ಚಲನೆಯನ್ನೂ ಪೊಲೀಸರು ಸದಾ ಗಮನಿಸುವಂಥ ನಿಬಂಧನೆಯು ಸಂವಿಧಾನದ 21ನೆಯ ವಿಧಿಗೆ ವಿರೋಧವೆಂದಿತು. ಮೂಲಭೂತ ಹಕ್ಕುಗಳ ಕಟ್ಟು ಸರ್ಕಾರಕ್ಕೆ, ಗೃಹಸ್ಥನಿಗಲ್ಲ ಎಂದು ಯಾರಾದರೂ ಹೇಳಬಹುದು. ನ್ಯಾಯಶಾಸ್ತ್ರದ ಮಾತಿನಲ್ಲಿ ಅದು ಸರಿಯೇ. ನೀತಿಯ ಮಾತು ಬೇರೆ. ಘೋರ ಅಪರಾಧದ ಆರೋಪಕ್ಕೆ ಗುರಿಯಾದವನಿಗೆ ಬಹಿರಂಗವಾಗಿಯೂ ವಿಧಿಸಬಾರದುದನ್ನು, ಯಾವ ಅಪರಾಧವನ್ನೂ ಮಾಡದವರಿಗೆ ಅವರನ್ನು ಪ್ರೀತಿಸುವವರೇ ಗುಟ್ಟಾಗಿ ವಿಧಿಸಬಹುದೆ?

ಕಾನೂನಿನ ಕೈ ಇಲ್ಲಿ ಇನ್ನೂ ಪೂರ್ತಿಯಾಗಿ ಚಾಚಿಲ್ಲ. ಸ್ತ್ರೀಯರನ್ನು ಹಿಂಬಾಲಿಸುವುದನ್ನು 2013ರಲ್ಲಿ ಭಾರತೀಯ ದಂಡಸಂಹಿತೆಯಲ್ಲಿ ಪ್ರತ್ಯೇಕ ಅಪರಾಧವಾಗಿ ಸೇರಿಸಲಾಯಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 78ನೆಯ ಪ್ರಕರಣ. ಮೊದಲ ಸಲ ಮೂರು ವರ್ಷದವರೆಗೆ, ಮತ್ತೆ ಮಾಡಿದರೆ ಐದು ವರ್ಷದವರೆಗೆ ಸೆರೆವಾಸವುಂಟು. ಒಬ್ಬ ಪುರುಷನು ಸ್ತ್ರೀಯ ಅನಿಚ್ಛೆಯನ್ನು ತಿಳಿದೂ ಹಿಂಬಾಲಿಸಿ ಮತ್ತೆ ಮತ್ತೆ ಸಂಪರ್ಕಿಸುವುದನ್ನೂ, ಅವಳ ಅಂತರ್ಜಾಲ ಮತ್ತು ಇ-ಮೇಲ್ ಮುಂತಾದ ವಿದ್ಯುನ್ಮಾನ ವ್ಯವಹಾರದ ಮೇಲೆ ಕಣ್ಣಿಡುವುದನ್ನೂ ಅದು ಹೆಸರಿಸುತ್ತದೆ. ಮಾತನಾಡದೆ, ಎದುರಿಗೆ ಬಾರದೆ, ಕೇವಲ ಬಿಲ್ಲೆಯನ್ನಿಟ್ಟು ಇರವನ್ನು ನೋಡುತ್ತ ಕುಳಿತವನ ಹೆಸರು ಅದರಲ್ಲಿ ನೇರವಾಗಿಲ್ಲ. ಅಂಥವನಿಗೆ ಬಲಿಯಾದ ಪುರುಷನ ಮಾತೂ ಅದರಲ್ಲಿಲ್ಲ. ಶಾಸನಕರ್ತರು ತುಂಬಬೇಕಾದ ಎಡೆ ಇದು.

ಅಷ್ಟರಲ್ಲಿ ಆತ್ಮರಕ್ಷಣೆಯ ವಿವೇಕವು ಪ್ರತಿಯೊಬ್ಬರಿಗೂ ಬೇಕು. ಅಪರಿಚಿತ ಬಿಲ್ಲೆಯೊಂದು ಸಂಗಡ ಬರುತ್ತಿದೆಯೆಂದು ಫೋನು ಎಚ್ಚರಿಸಿದರೆ ಅದನ್ನು ಅಲಕ್ಷಿಸಬಾರದು. ನೆಟ್ಟಗೆ ಮನೆಗೆ ಹೋಗುವುದು ತಪ್ಪು. ಅದರಿಂದ ಮನೆಯ ದಾರಿಯನ್ನೇ ತೋರಿಸಿಕೊಟ್ಟಂತಾಗುವುದು. ಜನರಿರುವ ಸ್ಥಳಕ್ಕೆ ಅಥವಾ ಪೊಲೀಸ್ ಠಾಣೆಗೆ ಹೋಗುವುದು ಲೇಸು. 112 ಸಂಖ್ಯೆಗೆ ಕರೆ ಮಾಡಬಹುದು, ಮಹಿಳೆಯರಿಗಾಗಿಯೇ 181 ಸಂಖ್ಯೆಯುಂಟು. ಸಿಕ್ಕಿದ ಏರ್‌ಟ್ಯಾಗನ್ನು, ಹತ್ತಿರದಿಂದ ಗುರುತು ಓದಬಲ್ಲ ಫೋನಿಗೆ ತಾಗಿಸಿದರೆ ಅದರ ಕ್ರಮಸಂಖ್ಯೆಯೂ ಒಡೆಯನ ದೂರವಾಣಿಯ ಕೊನೆಯ ನಾಲ್ಕು ಅಂಕಿಗಳೂ ಕಾಣುವುವು, ಅವನ್ನು ಬರೆದಿಟ್ಟುಕೊಳ್ಳಬೇಕು. ಗಾಬರಿಯಲ್ಲಿ ಅದನ್ನು ಒಡೆದು ಎಸೆದರೆ ಸಾಕ್ಷ್ಯವು ಹೋಗುವುದು. ಅದು ನಿಂತುಹೋದುದು ಇಟ್ಟವನಿಗೂ ತಿಳಿಯುವುದು. ಮನೆಯವನೇ ಹಿಂಬಾಲಕನೆಂಬ ಶಂಕೆಯಿದ್ದರೆ ಈ ಎಚ್ಚರಿಕೆಯು ಇಮ್ಮಡಿಯಾಗಿರಬೇಕು; ಸಿಟ್ಟಿನವನಿಗೆ ಗುಟ್ಟು ಬಯಲಾದ ಗಳಿಗೆಯೇ ಅಪಾಯದ ಗಳಿಗೆ. ಸಿಮ್ ಇರುವ ಜಿಪಿಎಸ್ ಯಂತ್ರಗಳು ಈ ಎಚ್ಚರಿಕೆಗೆ ಸಿಕ್ಕುವುದಿಲ್ಲ. ಗಾಡಿಯ ಅಡಿಯನ್ನೂ ಚಕ್ರದ ಪೊಳ್ಳನ್ನೂ ನಂಬಿಕೆಯ ಮೆಕ್ಯಾನಿಕ್ಕಿನಿಂದ ತೋರಿಸಿ ನೋಡಬೇಕು. ತನ್ನ ಫೋನಿನ ಇರವು ಯಾರುಯಾರಿಗೆ ಹೋಗುತ್ತಿದೆಯೆಂಬುದನ್ನೂ ಆಗಾಗ ಪರಿಶೀಲಿಸಬೇಕು.

ಇವೆಲ್ಲವೂ ರೋಗಕ್ಕೆ ಮದ್ದು. ಪಥ್ಯವು ಮನೆಯಲ್ಲಿಯೇ ಆರಂಭವಾಗಬೇಕು. ಸದಾ ನೋಡಲ್ಪಡುತ್ತ ಬೆಳೆದ ಮಗಳಿಗೆ ಮುಂದೆ ಗಂಡನೋ ಯಜಮಾನನೋ ಅವಳನ್ನು ಹಾಗೆಯೇ ನೋಡತೊಡಗಿದಾಗ ಅದು ಅಸಹಜವೆಂದು ತೋರದು. ಅದನ್ನೂ ಅವಳು ಪ್ರೀತಿಯೆಂದೇ ತಿಳಿದಾಳು. ಅದೇ ಮನೆಯಲ್ಲಿ ಬೆಳೆದ ಮಗನು ನೋಡುವುದು ತನ್ನ ಹಕ್ಕೆಂದು ತಿಳಿದಾನು. ತಂದೆಯು ನಿದ್ರೆಗಾಗಿ ಕೊಂಡ ಬಿಲ್ಲೆಯು ಆ ಪಾಠವನ್ನು ಕಲಿಸದಿರಬೇಕಾದರೆ, ಅದನ್ನು ಮಗಳ ಚೀಲದೊಳಗೆ ಹಾಕದೆ ಅವಳ ಕೈಯಲ್ಲಿಟ್ಟು, ಬೇಕೆ ಬೇಡವೆ ಎಂದು ಕೇಳಬೇಕು. ಅವಳು ಬೇಡವೆಂದರೆ ಬಸ್ಸು ಬರುವ ವೇಳೆಗೆ ನಿಲ್ದಾಣಕ್ಕೆ ಹೋಗಿ ನಿಲ್ಲುವುದು ಅವನ ಪಾಲಿಗೆ ಉಳಿದೇ ಇದೆ. ಕಾವಲೆಂಬುದು ಮೊದಲಿನಿಂದಲೂ ಅದೇ ಆಗಿತ್ತು: ಕಾಯುವವನು ಕಾಣುವಂತೆ ನಿಂತಿರುವುದು.